ಸೇನೆಗೆ ಅರ್ಜಿ ಹಾಕಿ ಕಾಯುತ್ತಿದ್ದೀರಾ? ಕೈಕಟ್ಟಿ ಕೂರಬೇಡಿ

ಹಾಸನದಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಅಗ್ನಿವೀರ್ (ಸೇನೆಯಲ್ಲಿ ನಾಲ್ಕು ವರ್ಷದ ಸೈನಿಕ ಕೆಲಸ) ಅರ್ಜಿ ಬಿಟ್ಟರು ಅಂದರೆ ಅಂಗಡಿ ಮುಂದೆ ಬೈಕ್ ನಿಲ್ಲಿಸಲು ಜಾಗ ಇರುವುದಿಲ್ಲ. ಅರ್ಜಿ ಹಾಕಿದ ಮೂರನೇ ದಿನಕ್ಕೆ ಅದೇ ಹುಡುಗರು ಮತ್ತೆ ಬರುತ್ತಾರೆ. ‘ಅಣ್ಣ, ಏನಾದ್ರೂ ಬಂತಾ?’ ಎರಡು ವಾರ ಹೀಗೆ ಕೇಳುತ್ತಾರೆ. ಆಮೇಲೆ ಕಾಣೆಯಾಗುತ್ತಾರೆ. ಮೈದಾನದಲ್ಲಿ ಓಡಿಸಿ, ಕಾಗದ ನೋಡುವ ರ‍್ಯಾಲಿಗೆ ನಾಲ್ಕು ದಿನ ಇದೆ ಅನ್ನುವಾಗ ಬೆವರು ಒರೆಸಿಕೊಂಡು ಓಡಿಬರುತ್ತಾರೆ: ‘ಅಣ್ಣ, ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕಂತೆ!’

ಸೇನೆಯ ನೇಮಕಾತಿ ವಾರದಲ್ಲಿ ಮುಗಿಯುವ ಕೆಲಸ ಅಲ್ಲ. 2025ರಲ್ಲಿ ಅರ್ಜಿ ಶುರುವಾಗಿದ್ದು ಮಾರ್ಚ್ 12ಕ್ಕೆ, ಪರೀಕ್ಷೆ ನಡೆದಿದ್ದು ಜೂನ್ 30ರಿಂದ. ಅದರ ಫಲಿತಾಂಶ ಬಂದ ಮೇಲೆ ರ‍್ಯಾಲಿ, ಮೆಡಿಕಲ್, ಮೆರಿಟ್ ಲಿಸ್ಟ್. ನಡುವೆ ತಿಂಗಳುಗಟ್ಟಲೆ ಖಾಲಿ. ಆ ಖಾಲಿ ತಿಂಗಳುಗಳಲ್ಲಿ ಏನು ಮಾಡಬೇಕು, ಯಾವ ಹೊತ್ತಿಗೆ ಮಾಡಬೇಕು ಅನ್ನುವುದಷ್ಟೇ ಈ ಲೇಖನ.

1. ನಿಮ್ಮ ಕಚೇರಿ ಯಾವುದು, ತಿಳಿದುಕೊಳ್ಳಿ

ಹಾಸನ ಜಿಲ್ಲೆಯವರು ಬೆಂಗಳೂರಿನ ನೇಮಕಾತಿ ಕಚೇರಿಗೆ ಬರುತ್ತಾರೆ. ಚಿಕ್ಕಮಗಳೂರಿನವರು ಮಂಗಳೂರಿಗೆ. ಬೇಲೂರಿನ ಹುಡುಗ, ಮೂಡಿಗೆರೆಯ ಹುಡುಗ ಒಂದೇ ಕಾಲೇಜಲ್ಲಿ ಓದಿರಬಹುದು. ಇಬ್ಬರ ರ‍್ಯಾಲಿ ಬೇರೆ, ದಿನಾಂಕ ಬೇರೆ, ಊರೂ ಬೇರೆ. ಗೆಳೆಯನ ವಾಟ್ಸ್‌ಆ್ಯಪ್ ನೋಡಿಕೊಂಡು ‘ಇನ್ನೂ ಟೈಮ್ ಇದೆ’ ಅಂತ ಕೂತವರಿದ್ದಾರೆ. ನೋಡಬೇಕಾದ್ದು ಜಾಯಿನ್ ಇಂಡಿಯನ್ ಆರ್ಮಿ ವೆಬ್‌ಸೈಟ್, ಅದೂ ನಿಮ್ಮ ಸ್ವಂತ ಲಾಗಿನ್‌ನಲ್ಲಿ. ವಾರಕ್ಕೆ ಎರಡು ಸಲ ಸಾಕು. ನಾನು ಸೋಮವಾರ, ಗುರುವಾರ ಅಂತ ಹೇಳುತ್ತೇನೆ. ದಿನಕ್ಕೆ ಹತ್ತು ಸಲ ನೋಡಿದರೆ ಫಲಿತಾಂಶ ಬೇಗ ಬರುವುದಿಲ್ಲ, ತಲೆ ಮಾತ್ರ ಕೆಡುತ್ತದೆ.

2. ಪರೀಕ್ಷೆ

ಜಿಡಿ (ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸೈನಿಕ) ಹುದ್ದೆಗೆ ಒಂದು ಗಂಟೆ, 50 ಪ್ರಶ್ನೆ, 100 ಅಂಕ. ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ಕನ್ನಡದಲ್ಲೇ ಬರೆಯಬಹುದು, ಅರ್ಜಿ ತುಂಬುವಾಗಲೇ ಭಾಷೆ ಆರಿಸಿಕೊಳ್ಳಿ. ದಿನಾ ಒಂದು ಗಂಟೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಪುಸ್ತಕದಂಗಡಿ ತುಂಬಾ ಗೈಡುಗಳಿವೆ. ಒಂದೇ ಗೈಡ್ ತಗೊಳ್ಳಿ, ಮುಗಿಸಿ.

3. ಹೆಸರು: ಎಲ್ಲರೂ ಎಡವುವ ಜಾಗ

ಅರ್ಜಿ ಹಾಕಿದ ಮರುದಿನವೇ ಮಾಡಬೇಕಾದ ಕೆಲಸ ಇದು. ಒಂದು ಬಿಳಿ ಹಾಳೆ ತಗೊಳ್ಳಿ. ನಾಲ್ಕು ಕಂಬಸಾಲು ಎಳೆಯಿರಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಪತ್ರ, ಅರ್ಜಿಯ ಪ್ರಿಂಟ್. ಪ್ರತಿಯೊಂದರಲ್ಲೂ ನಿಮ್ಮ ಹೆಸರು, ತಂದೆ ಹೆಸರು, ತಾಯಿ ಹೆಸರು, ಹುಟ್ಟಿದ ದಿನಾಂಕ ಹೇಗಿದೆಯೋ ಹಾಗೇ, ಇಂಗ್ಲಿಷ್ ಅಕ್ಷರ ಬಿಡಿಬಿಡಿಯಾಗಿ ಇಳಿಸಿ. ಕಣ್ಣಲ್ಲೇ ನೋಡಿ ‘ಸರಿ ಇದೆ’ ಅನ್ನಬೇಡಿ. ನಮ್ಮ ಹೆಸರನ್ನು ನಾವು ಓದುವುದಿಲ್ಲ, ಊಹಿಸಿಕೊಳ್ಳುತ್ತೇವೆ. ಬರೆದರೆ ಮಾತ್ರ ಗೊತ್ತಾಗುತ್ತದೆ.

ನಮ್ಮ ಕಡೆ ಬರುವ ತಪ್ಪುಗಳು ಹೆಚ್ಚುಕಡಿಮೆ ಮೂರೇ. ಒಂದು, ಕೊನೆಯ ‘ಎ’ ಅಕ್ಷರ. ಅಂಕಪಟ್ಟಿಯಲ್ಲಿ ಮಂಜೇಶ, ಆಧಾರ್‌ನಲ್ಲಿ ಮಂಜೇಶ್. ಎರಡು, ಗೌಡ. ತಂದೆ ಕೃಷ್ಣೇಗೌಡರ ಹೆಸರು ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಬಿಡಿಸಿ, ಮತ್ತೊಂದು ಕಡೆ ಗೌಡವೇ ಇಲ್ಲದೆ. ಮೂರು, ಇನಿಶಿಯಲ್. ಶಾಲೆಯಲ್ಲಿ ಹೆಸರಿನ ಹಿಂದೆ ‘ಎಚ್ ಕೆ’ ಅಂತ ಬರೆಸಿರುತ್ತಾರೆ. ಆಧಾರ್ ಮಾಡಿಸುವಾಗ ಯಾರೋ ಅದನ್ನು ಬಿಡಿಸಿ ಊರ ಹೆಸರನ್ನು ಸರ್‌ನೇಮ್ ಮಾಡಿರುತ್ತಾರೆ. ತಾಯಂದಿರ ಹೆಸರಂತೂ ಕೇಳಬೇಡಿ. ಶಾಲೆಯಲ್ಲಿ ಜಯಮ್ಮ, ರೇಷನ್ ಕಾರ್ಡಲ್ಲಿ ಜಯಲಕ್ಷ್ಮಮ್ಮ, ಮನೇಲಿ ಕರೆಯುವುದು ಪುಟ್ಟಮ್ಮ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದೇ ಸರಿ ಅಂತ ಇಟ್ಟುಕೊಳ್ಳಿ. ಮಿಕ್ಕಿದ್ದೆಲ್ಲ ಅದಕ್ಕೆ ಹೊಂದಬೇಕು. ಆಧಾರ್ ತಿದ್ದಿಸುವುದು ಸುಲಭ, ಆದರೆ ಲೆಕ್ಕ ಇಟ್ಟುಕೊಳ್ಳಿ: ಹೆಸರು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕ 1 ಸಲ ಮಾತ್ರ. ಗಡಿಬಿಡಿಯಲ್ಲಿ ತಿದ್ದಿಸಲು ಹೋಗಿ ಇನ್ನೊಂದು ತಪ್ಪು ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ರಸೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಮೊಬೈಲ್ ನಂಬರ್ ಕೂಡ ಅದೇ ದಿನ ನೋಡಿ. ಅಪ್ಪನ ಹಳೇ ನಂಬರ್ ಲಿಂಕ್ ಆಗಿದ್ದು, ಆ ಸಿಮ್ ಸತ್ತು ಎರಡು ವರ್ಷ ಆಗಿದ್ದರೆ ಒಟಿಪಿ ಯಾರಿಗೆ ಬರಬೇಕು?

ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಶಾಲೆಯ ಹೆಡ್‌ಮಾಸ್ಟರ್ ಮೂಲಕ ಬೋರ್ಡಿಗೆ ಹೋಗಬೇಕು. ಅದು ನಿಧಾನದ ದಾರಿ, ಇವತ್ತೇ ಹೊರಡಿ. ‘ಸುಮ್ನೆ ಒಂದು ಅಫಿಡವಿಟ್ ಮಾಡಿಸು, ನಡೀತದೆ’ ಅನ್ನುವವರು ಪ್ರತಿ ಕೋರ್ಟಿನ ಮುಂದೆಯೂ ಇದ್ದಾರೆ. ನಾನು ಆ ದಾರಿ ಹೇಳುವುದಿಲ್ಲ. ರ‍್ಯಾಲಿ ಮೈದಾನದಲ್ಲಿ ಕಾಗದ ನೋಡುವವರ ಮುಂದೆ ಸಾವಿರಾರು ಹುಡುಗರು ಸಾಲಾಗಿ ನಿಂತಿರುತ್ತಾರೆ. ನಿಮ್ಮ ಮನೆ ಕಥೆ ಕೇಳಲು ಅವರಿಗೆ ಹೊತ್ತಿಲ್ಲ.

4. ಯಾವ ಪತ್ರ ಈಗ, ಯಾವುದು ಆಮೇಲೆ

ಇಲ್ಲಿ ನಾನೇ ಎಡವಿದ್ದೇನೆ. ನನ್ನ ಅಕ್ಕನ ಮಗ ಅರ್ಜಿ ಹಾಕಿದ ವಾರವೇ ಎಲ್ಲ ಪತ್ರ ಮಾಡಿಸಿ ಫೈಲಿಗೆ ಹಾಕಿಕೊಟ್ಟೆ. ‘ನೋಡು, ನಿನ್ನ ಮಾಮ ಎಷ್ಟು ಫಾಸ್ಟು’ ಅಂತ ಬೀಗಿದ್ದೆ. ರ‍್ಯಾಲಿ ಹೊತ್ತಿಗೆ ಅವನ ಅವಿವಾಹಿತ ಪತ್ರಕ್ಕೆ ಏಳು ತಿಂಗಳು ತುಂಬಿತ್ತು. ಅದು 6 ತಿಂಗಳೊಳಗಿನದ್ದೇ ಆಗಿರಬೇಕು. ಅಧಿಸೂಚನೆಯಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಓಟದಲ್ಲಿ ಗೆದ್ದು ಬಂದ ಹುಡುಗ ಕಾಗದದ ಮುಂದೆ ನಿಂತುಬಿಟ್ಟ. ಅವತ್ತು ರಾತ್ರಿ ಅಕ್ಕ ನನ್ನ ಜೊತೆ ಮಾತಾಡಲಿಲ್ಲ.

ಹಾಗಾಗಿ ಕಾಗದಗಳನ್ನು ಎರಡು ಗುಂಪು ಮಾಡಿ.

ಈಗಲೇ ಮಾಡಿಸಬೇಕಾದ್ದು: ಜಾತಿ ಪತ್ರ, ವಾಸಸ್ಥಳ ದೃಢೀಕರಣ. ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಕೊಡಿ. ಗ್ರಾಮ ಆಡಳಿತಾಧಿಕಾರಿ ರಜೆ, ಸರ್ವರ್ ಡೌನ್, ಹಬ್ಬ, ಎಲ್ಲ ಸೇರಿ ದಿನ ಎಳೆಯುತ್ತದೆ. ಅಪ್ಪ ಮಾಜಿ ಸೈನಿಕರಾಗಿದ್ದರೆ ಸಂಬಂಧದ ಪತ್ರ, ಎನ್‌ಸಿಸಿ ಮಾಡಿದ್ದರೆ ಅದರ ಸರ್ಟಿಫಿಕೇಟ್ ಈಗಲೇ ಹುಡುಕಿಡಿ. ಎರಡಕ್ಕೂ ಬೋನಸ್ ಅಂಕ ಇದೆ.

ಪರೀಕ್ಷೆ ಫಲಿತಾಂಶ ಬಂದ ಮೇಲೆ ಮಾಡಿಸಬೇಕಾದ್ದು: ನಡತೆ ಪತ್ರ, ಅವಿವಾಹಿತ ಪತ್ರ, ಫೋಟೊ. ಮೊದಲೆರಡಕ್ಕೆ 6 ತಿಂಗಳ ಗಡುವು, ಫೋಟೊಗೆ 3 ತಿಂಗಳು. ಮೊದಲೇ ಮಾಡಿಸಿದರೆ ದುಡ್ಡೂ ದಂಡ, ಓಡಾಟವೂ ದಂಡ. ಆದರೆ ಫಲಿತಾಂಶ ಬಂದ ದಿನವೇ ಹೊರಡಲು ಸಿದ್ಧವಾಗಿರಿ. ಪಂಚಾಯ್ತಿ ಅಧ್ಯಕ್ಷರು ಯಾವ ವಾರ ಸಿಗುತ್ತಾರೆ, ಮೊಹರು ಯಾರ ಬೀರುವಿನಲ್ಲಿದೆ, ಇದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಅವಿವಾಹಿತ ಪತ್ರದ ಮೇಲೆ ನಿಮ್ಮ ಫೋಟೊ ಅಂಟಿಸಿ, ಮೊಹರು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳಿಸಿ. ಪಂಚಾಯ್ತಿ ಪತ್ರ ಇಂಗ್ಲಿಷಲ್ಲೇ ಬರೆಸಿ. ನೋಡುವ ಸುಬೇದಾರ್ ರಾಜಸ್ಥಾನದವರೂ ಇರಬಹುದು ಅಲ್ವಾ? ನಮೂನೆ ಅಧಿಸೂಚನೆಯ ಕೊನೆಯಲ್ಲೇ ಕೊಟ್ಟಿರುತ್ತಾರೆ. ಅದನ್ನೇ ಪ್ರಿಂಟ್ ತೆಗೆದುಕೊಂಡು ಹೋದರೆ ಪಿಡಿಒ ಅವರಿಗೂ ತಲೆನೋವಿಲ್ಲ.

ಫೋಟೊ 20 ಪ್ರತಿ, ಬಿಳಿ ಹಿನ್ನೆಲೆ. ಮೊದಲು ಕಟಿಂಗ್, ಶೇವಿಂಗ್, ಆಮೇಲೆ ಸ್ಟುಡಿಯೊ. ಮೊಬೈಲಲ್ಲಿ ತೆಗೆದು ಬ್ಯೂಟಿ ಆ್ಯಪ್‌ನಲ್ಲಿ ಮುಖ ಬೆಳ್ಳಗೆ ಮಾಡಿಕೊಂಡು ‘ಅಣ್ಣ, ಇದನ್ನೇ ಪ್ರಿಂಟ್ ಹಾಕು’ ಅಂದರೆ ನಾನು ಹಾಕುವುದಿಲ್ಲ. ತಿದ್ದಿದ ಫೋಟೊ ತೆಗೆದುಕೊಳ್ಳುವುದಿಲ್ಲ ಅಂತ ಅಧಿಸೂಚನೆಯಲ್ಲೇ ಇದೆ. ಲ್ಯಾಮಿನೇಷನ್ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ: ಅಂಕಪಟ್ಟಿಗೆ ಲ್ಯಾಮಿನೇಷನ್ ಬೇಡ. ಪ್ಲಾಸ್ಟಿಕ್ ಕವರಿನ ಫೈಲು ಸಾಕು.

5. ಓಟ: 82 ಸೆಕೆಂಡಿನ ಲೆಕ್ಕ

1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಅಲ್ಲಿಂದ 5 ನಿಮಿಷ 45 ಸೆಕೆಂಡಿನವರೆಗೆ 48. ಹದಿನೈದು ಸೆಕೆಂಡಿಗೆ 12 ಅಂಕ ಹೋಯಿತು. ಮೆರಿಟ್ ಲಿಸ್ಟಿನಲ್ಲಿ ಅದು ದೊಡ್ಡ ಮೊತ್ತ.

400 ಮೀಟರಿನ ಟ್ರ್ಯಾಕ್ ಆದರೆ ನಾಲ್ಕು ಸುತ್ತು. ಸುತ್ತಿಗೆ 82 ಸೆಕೆಂಡ್ ಇಟ್ಟುಕೊಂಡರೆ 5 ನಿಮಿಷ 28ಕ್ಕೆ ಮುಗಿಯುತ್ತದೆ. ನಮ್ಮ ಹುಡುಗರು ಮಾಡುವುದೇನು? ಸೀಟಿ ಊದಿದ ಕೂಡಲೇ ಜಿಂಕೆ ಹಾರಿದ ಹಾಗೆ ಹಾರುತ್ತಾರೆ. ಮೊದಲ ಸುತ್ತು 68 ಸೆಕೆಂಡ್, ಮೂರನೇ ಸುತ್ತಿಗೆ ಪಕ್ಕೆ ಹಿಡಿದುಕೊಂಡು ನಡಿಗೆ. ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ಗೆಳೆಯನ ಕೈಗೆ ವಾಚ್ ಕೊಟ್ಟು, ಪ್ರತಿ ಸುತ್ತಿಗೂ ಸೆಕೆಂಡ್ ಕೂಗಿಸಿ. ಮೊದಲ ಸುತ್ತಿನಲ್ಲೇ ತಡೆದು ಓಡುವುದನ್ನು ಮೈಗೆ ಕಲಿಸಿ. ಇದಕ್ಕೆ ತಿಂಗಳುಗಳೇ ಬೇಕು. ಕಾಯುವ ಕಾಲ ಸಿಕ್ಕಿರುವುದು ಒಳ್ಳೆಯದೇ ಆಯಿತು.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಜೂನ್‌ನಿಂದ ಮಳೆ. ಮಳೆ ಅಂತ ಮೂರು ತಿಂಗಳು ಬಿಟ್ಟರೆ ಮತ್ತೆ ಸೊನ್ನೆಯಿಂದ ಶುರು. ಕಾಫಿ ಒಣಗಿಸುವ ಕಣ ಆಗ ಖಾಲಿ ಇರುತ್ತದೆ, ಮಳೆ ಬಿಟ್ಟ ಗಳಿಗೆಯಲ್ಲಿ ಅಲ್ಲೇ ಓಡಿ, ಪಾಚಿ ನೋಡಿಕೊಂಡು. ತೋಟದ ರಸ್ತೆಯಲ್ಲಿ ಏರು ಹತ್ತಿ ಓಡಿ, ಇಳಿಜಾರಿನಲ್ಲಿ ನಡೆದು ಬನ್ನಿ. ಇಳಿಜಾರಿನಲ್ಲಿ ಓಡಿ ಮೊಳಕಾಲಿನ ಕೆಳಗಿನ ಮೂಳೆ ನೋಯಿಸಿಕೊಂಡವರು ಬಹಳ. ರ‍್ಯಾಲಿ ದಿನ ಹೊಸ ಶೂ ಹಾಕಲೇಬೇಡಿ.

ಪುಲ್‌ಅಪ್ 10 ಎಳೆದರೆ 40 ಅಂಕ. ಕಾಲು ಒದೆಯದೆ, ತೋಳು ಪೂರ್ತಿ ಚಾಚಿ ಎಳೆದಿದ್ದನ್ನೇ ಎಣಿಸಿಕೊಂಡು ಅಭ್ಯಾಸ ಮಾಡಿ. 9 ಅಡಿ ಹಳ್ಳ ಜಿಗಿಯುವುದು, ಅಂಕುಡೊಂಕು ಹಲಗೆ ಮೇಲೆ ನಡೆಯುವುದು ಪಾಸಾದರೆ ಸಾಕು.

ಈ ಕಾಲದಲ್ಲೇ ಬರುತ್ತಾರೆ ಪೌಡರ್ ಮಾರುವವರು. ಎತ್ತರ ಹೆಚ್ಚಿಸುವ ಡಬ್ಬಿ, ಓಟಕ್ಕೆ ‘ಪವರ್’ ಕೊಡುವ ಗುಳಿಗೆ. ಜಿಡಿಗೆ ನಮ್ಮ ರಾಜ್ಯದವರು 166 ಸೆಂ.ಮೀ. ಇರಬೇಕು. 164 ಇದ್ದವನನ್ನು ಯಾವ ಡಬ್ಬಿಯೂ 166 ಮಾಡುವುದಿಲ್ಲ. ಗುಳಿಗೆ ನುಂಗಿ ಸಿಕ್ಕಿಬಿದ್ದರೆ ಅಲ್ಲಿಗೇ ಮುಗಿಯಿತು. ಮುದ್ದೆ, ಹುರುಳಿಕಾಳು ಸಾರು, ಮೊಟ್ಟೆ ತಿನ್ನಿ. ಆ ದುಡ್ಡಲ್ಲಿ ಒಳ್ಳೆ ಶೂ ತಗೊಳ್ಳಿ.

6. ಮೆಡಿಕಲ್: ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ

ಕಿವಿಯ ಗುಗ್ಗೆ ತೆಗೆಸಿಕೊಂಡು, ಹಲ್ಲಿನ ಕಿಟ್ಟ ಕ್ಲೀನ್ ಮಾಡಿಸಿಕೊಂಡು ಬನ್ನಿ ಅಂತ ಅವರೇ ಬರೆದಿರುತ್ತಾರೆ. ಡಾಕ್ಟರ ಹತ್ತಿರವೇ ಹೋಗಿ, ಬೈಕ್ ಕೀ ಹಾಕಿ ಕಿವಿ ಕೆರೆಯಬೇಡಿ. ಒದ್ದೆ ಕಾಲಲ್ಲಿ ಸಿಮೆಂಟ್ ನೆಲದ ಮೇಲೆ ನಿಂತು ಅಚ್ಚು ನೋಡಿ. ಪಾದದ ಒಳಬದಿ ಬಾಗಿರದೆ ಪೂರ್ತಿ ಚಪ್ಪಟೆ ಮೂಡಿದರೆ ಮೂಳೆ ಡಾಕ್ಟರಿಗೆ ತೋರಿಸಿ. ಕಣ್ಣು, ಮೂಗು, ವೃಷಣದ ನರದ ಊತ ಕೂಡ ನೋಡಿಸಿ. ಈ ಕೊನೆಯದನ್ನು ನಾಚಿಕೆಗೆ ಮುಚ್ಚಿಟ್ಟು ಅಲ್ಲಿ ಅನ್‌ಫಿಟ್ ಆಗುವವರು ಜಾಸ್ತಿ. ಹಚ್ಚೆ ಮೊಳಕೈಯಿಂದ ಮಣಿಕಟ್ಟಿನವರೆಗಿನ ಒಳಬದಿಯಲ್ಲಿ, ಅಂಗೈಯ ಹಿಂಬದಿಯಲ್ಲಿ ಮಾತ್ರ ನಡೆಯುತ್ತದೆ. ಹಾಸನಾಂಬ ಜಾತ್ರೆಗೆ ಹೋದಾಗ ಎದೆ ಮೇಲೆ ಹುಡುಗಿ ಹೆಸರು ಬರೆಸಬೇಡಿ.

ಅನ್‌ಫಿಟ್ ಅಂದ ಕೂಡಲೇ ಅತ್ತುಕೊಂಡು ಬಸ್ ಹತ್ತಬೇಡಿ. ಸೇನಾ ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟ್ ಹತ್ತಿರ ಮತ್ತೆ ತೋರಿಸಲು ಅವಕಾಶ ಇರುತ್ತದೆ. ಸ್ಲಿಪ್‌ನಲ್ಲಿ ಬರೆದ ಆಸ್ಪತ್ರೆಗೆ, ಬರೆದ ದಿನದೊಳಗೆ ಹೋಗಿ. ಸ್ಲಿಪ್ ಓದದೆ ಮಡಚಿ ಜೇಬಿಗೆ ಇಟ್ಟುಕೊಂಡು ಮನೆಗೆ ಬಂದವನನ್ನು ಅದೇ ಸಂಜೆ ವಾಪಸ್ ಬಸ್ಸಿಗೆ ಹತ್ತಿಸಿದ್ದೇನೆ.

7. ‘ಒಳಗಿನವರು ಗೊತ್ತು’ ಅನ್ನುವವರು

ಇವರ ಲೆಕ್ಕ ಸರಳ. ಹತ್ತು ಹುಡುಗರ ಹತ್ತಿರ ದುಡ್ಡು ಇಸಿದುಕೊಳ್ಳುತ್ತಾರೆ, ಏನೂ ಮಾಡುವುದಿಲ್ಲ. ಇಬ್ಬರು ಸ್ವಂತ ಬಲದಿಂದ ಪಾಸಾಗುತ್ತಾರೆ. ಅವರ ದುಡ್ಡು ಇಟ್ಟುಕೊಂಡು ಮಿಕ್ಕವರಿಗೆ ‘ಆಗಲಿಲ್ಲ’ ಅಂತ ವಾಪಸ್ ಕೊಡುತ್ತಾರೆ, ಅದೂ ಮನಸ್ಸಿದ್ದರೆ. ಇನ್ನೂ ಹದಗೆಟ್ಟವರು ಮೂಲ ಅಂಕಪಟ್ಟಿಯನ್ನೇ ಒತ್ತೆ ಇಟ್ಟುಕೊಳ್ಳುತ್ತಾರೆ. 2025ರಲ್ಲಿ ಪರೀಕ್ಷೆಗೆ ನೀವು ಕಟ್ಟಬೇಕಾಗಿದ್ದು 250 ರೂಪಾಯಿ. ಅದರಾಚೆಗೆ ಯಾರಿಗೂ ಏನೂ ಕೊಡಬೇಕಿಲ್ಲ.

8. ಮೆರಿಟ್ ಲಿಸ್ಟ್‌ವರೆಗೆ

ಮೆಡಿಕಲ್ ಮುಗಿದ ಮೇಲಿನ ಕಾಯುವಿಕೆಯೇ ಕಷ್ಟದ್ದು. ಮಾಡಲು ಕಾಗದದ ಕೆಲಸವೂ ಇರುವುದಿಲ್ಲ. ಓಟ ಬಿಡಬೇಡಿ, ಆಯ್ಕೆಯಾದರೆ ಟ್ರೇನಿಂಗ್ ಸೆಂಟರಿನಲ್ಲಿ 31 ವಾರ ಅದೇ ಕೆಲಸ. ಡಿಗ್ರಿ ಓದುತ್ತಿದ್ದರೆ ಕಾಲೇಜು ಬಿಡಬೇಡಿ, ತೋಟದ ಕೆಲಸ ಇದ್ದರೆ ಹೋಗಿ. ಹೆಸರು ಬರಲಿಲ್ಲ ಅಂದರೆ ಮುಂದಿನ ಅಧಿಸೂಚನೆಯಲ್ಲಿ ವಯಸ್ಸಿನ ದಿನಾಂಕ ಮೊದಲು ನೋಡಿ, ಆಮೇಲೆ ಮಿಕ್ಕಿದ್ದು.

ಲಾಗಿನ್‌ನ ಇ–ಮೇಲ್, ಪಾಸ್‌ವರ್ಡ್ ನನ್ನಂಥ ಅಂಗಡಿಯವನ ಹತ್ತಿರ ಬಿಡಬೇಡಿ. ಅಂಗಡಿಯವರು ತಮ್ಮದೇ ಇ–ಮೇಲ್ ಹಾಕಿ, ಆರು ತಿಂಗಳಾದ ಮೇಲೆ ‘ಯಾವ ಹುಡುಗ? ನೆನಪಿಲ್ಲ’ ಅನ್ನುವುದುಂಟು. ನನ್ನ ಅಕ್ಕನ ಮಗ ಎರಡನೇ ವರ್ಷ ಅರ್ಜಿಯನ್ನು ತಾನೇ ತುಂಬಿದ, ನನ್ನನ್ನು ಕೀಬೋರ್ಡ್ ಮುಟ್ಟಲು ಬಿಡಲಿಲ್ಲ. ಪಾಸ್‌ವರ್ಡನ್ನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲಲ್ಲಿ ಬರೆದಿಟ್ಟಿದ್ದ. ಅವನು ಬೆಳಗಾವಿಗೆ ಟ್ರೇನಿಂಗಿಗೆ ಹೋಗಿ, ಹೊಸ ವರ್ಷದ ಕ್ಯಾಲೆಂಡರ್ ಬಂದಾಗಲೂ ಅಕ್ಕ ಆ ಹಳೇದನ್ನು ಮೊಳೆಯಿಂದ ಇಳಿಸಿಲ್ಲ.