ಸಿಂಗಪುರ ಸರ್ವರ್‌ನಲ್ಲಿ ಆನ್‌ಲೈನ್ ಗೇಮ್ ಆಡುವಾಗ ಲ್ಯಾಗ್ ಆಗ್ತಿದ್ರೆ
ದಾವಣಗೆರೆಯಲ್ಲಿ ಕೂತು ಸಿಂಗಪುರ ಸರ್ವರ್‌ನಲ್ಲಿ ಆಡೋರು ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ, ಕ್ಯೂಒಎಸ್‌ನಲ್ಲಿ (ಯಾವ ಡೇಟಾ ಮೊದಲು, ಎಷ್ಟು ಹೋಗ್ಬೇಕು ಅಂತ ಹೇಳೋ ಸೆಟ್ಟಿಂಗ್) ಅಪ್‌ಲೋಡ್ ಮಿತಿಯನ್ನ ನಿಮಗೆ ನಿಜವಾಗಿ ಸಿಗೋ ಸ್ಪೀಡಿನ ಶೇ. 85ಕ್ಕೆ ಇಳಿಸಿ ನೋಡಿ. ಮನೇಲಿ ಯಾರದ್ದೋ ಫೋನು ಮದುವೆ ಫೋಟೋಗಳನ್ನೆಲ್ಲ ಬ್ಯಾಕಪ್‌ಗೆ ಹಾಕ್ತಿದ್ರೆ ಮೋಡೆಮ್‌ನಲ್ಲಿ ಕ್ಯೂ ಬೆಳೆದು, ಆಟದ ಪುಟ್ಟ ಡೇಟಾ ಪ್ಯಾಕೆಟ್‌ಗಳು ಅದರ ಹಿಂದೆ ಕಾಯ್ತವೆ. ಮಿತಿ ಹಾಕಿದ್ರೆ ಆ ಕ್ಯೂ ಅಷ್ಟಾಗಿ ಕಟ್ಟಲ್ಲ. ಸಂಜೆ ಮಂಡಕ್ಕಿ-ಮಿರ್ಚಿ ಹೊತ್ತಿಗೆ, ಎಲ್ಲರ ಕೈಲೂ ಫೋನ್ ಇದ್ದಾಗ, ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಆದ್ರೆ ಇದರಿಂದ ದೂರ ಕಮ್ಮಿಯಾಗಲ್ಲ: ಫೈಬರ್‌ನಲ್ಲಿ ಬೆಳಕು ಓಡೋದೇ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಹಾಗಾಗಿ ಯುರೋಪ್ ಸರ್ವರ್‌ಗೆ 100 ಮಿಲಿಸೆಕೆಂಡ್‌ಗಿಂತ ಕಮ್ಮಿ ಪಿಂಗ್ (ಡೇಟಾ ಹೋಗಿ ಬರೋ ಸಮಯ) ಸಿಗೋದು ಕಷ್ಟ. ಮೊಬೈಲ್ ಹಾಟ್‌ಸ್ಪಾಟ್‌ಗೂ ಈ ಉಪಾಯ ಸರಿಯಾಗಿ ನಡೆಯಲ್ಲ, ಅಲ್ಲಿ ಸ್ಪೀಡೇ ಗಳಿಗೆಗೊಂದು ಥರ.