ಮಲಗುವ ಜಾಗದಿಂದ ಶುರು ಮಾಡಿದೆ

2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಮೇಲೆ ಬಿದ್ದ ಮಣ್ಣು ಗಂಗಾವಳಿಗೂ ನುಗ್ಗಿತು. ನದಿ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡ ಈ ದಡದಲ್ಲಿ, ಮನೆ ಕಳೆದುಕೊಂಡವರು ಆ ದಡದಲ್ಲಿ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಕೋಲಾ ತಾಲೂಕಿನಲ್ಲಿರುವ ನಮ್ಮ ಮನೆ ಹಿಂದೆಯೂ ಒಂದು ದರೆ (ಗುಡ್ಡ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ) ಇದೆ. ಅಡುಗೆಮನೆ ದೊಡ್ಡದು ಮಾಡಲು ನಾವೇ ಜೆಸಿಬಿ ತರಿಸಿ ನೆಟ್ಟಗೆ ಕಡಿಸಿದ್ದು. ಮಕ್ಕಳ ಮಂಚ ಆ ಕಡೆಯ ಗೋಡೆಗೇ ತಾಗಿತ್ತು. ಅವರ ತಲೆ ಹತ್ತಿರ ಕಬ್ಬಿಣದ ಕಪಾಟು, ಅದರ ಮೇಲೆ ಹಳೆ ಹಿತ್ತಾಳೆ ಪಾತ್ರೆಗಳ ಪೆಟ್ಟಿಗೆ.

ವಿಪತ್ತಿಗೆ ತಯಾರಿ ಅಂದರೆ ಎಲ್ಲರೂ ಮೊದಲು ಚೀಲ ಕಟ್ಟುವ ಮಾತಾಡುತ್ತಾರೆ. ಚೀಲ ಬೇಕು, ಆದರೆ ಅದು ಎರಡನೆಯದು. ಮಹಾರಾಷ್ಟ್ರದ ಕೊಯ್ನಾದ ಭೂಕಂಪ ಆದದ್ದು 1967ರ ಡಿಸೆಂಬರ್ 11ರ ಬೆಳಗಿನ ಜಾವ 4.21ಕ್ಕೆ. ಅಲ್ಲಿನದೇ ಕಿಲ್ಲಾರಿಯದ್ದು 1993ರ ಸೆಪ್ಟೆಂಬರ್ 30ರಂದು 3.56ಕ್ಕೆ. ಎರಡೂ ಸಲ ಜನ ಮಲಗಿದ್ದರು. ಕಿಲ್ಲಾರಿಯಲ್ಲಿ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಡು ಮಲಗಿದವರ ಮೇಲೇ ಬಿದ್ದವು. 2002ರ ಭೂಕಂಪ ನಕ್ಷೆಯಲ್ಲಿ ನಮ್ಮ ಜಿಲ್ಲೆ ಮೂರನೇ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯದ ಜಾಗ. ಹಾಗಾಗಿ ನಾನು ಮಲಗುವ ಜಾಗದಿಂದ ಶುರು ಮಾಡಿದೆ.

ಮೊದಲು ಮಂಚವನ್ನು ಎದುರಿನ ಕೋಣೆಗೆ ತಂದೆವು. ಅತ್ತೆಗೆ ಇದು ಹಿಡಿಸಲಿಲ್ಲ.

"ಇಷ್ಟು ವರ್ಷ ಎಂತದೂ ಆಗ್ಲಿಲ್ಲ ತಂಗಿ, ಈಗ ಎಂತ ಆಗ್ತದೆ?"

"ದರೆ ಕಡಿದು ಇನ್ನೂ ಎಂಟೇ ವರ್ಷ ಆಯ್ತು ಅತ್ತೆ. ಅದಕ್ಕಿಂತ ಮೊದಲು ಅಲ್ಲಿ ಗುಡ್ಡ ಇಳಿಜಾರಾಗೇ ಇತ್ತಲ್ವಾ?"

ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಹಾಸಿಗೆಯನ್ನೂ ತಾವೇ ಮಡಚಿ ಎದುರಿನ ಕೋಣೆಗೆ ತಂದರು. ಈಗ ಜೂನ್‌ನಿಂದ ಮಳೆ ಪೂರ್ತಿ ನಿಲ್ಲುವವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ಅಕ್ಟೋಬರ್ ಬಂತು ಅಂತ ಧೈರ್ಯ ಮಾಡುವುದೂ ಇಲ್ಲ. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದದ್ದು 2009ರ ಅಕ್ಟೋಬರ್ 2ರಂದು.

ಆಮೇಲೆ ಕಪಾಟು. ಇದು ಸುಲಭದ ಕೆಲಸ ಅಂದುಕೊಂಡಿದ್ದೆ. ಎಲ್ ಆಕಾರದ ಎರಡು ಪಟ್ಟಿ ತಂದು ಕಪಾಟನ್ನು ಗೋಡೆಗೆ ಬಿಗಿದರೆ ಆಯ್ತು ಅಂತ. ನಮ್ಮದು ಚಿರೆಕಲ್ಲಿನ ಗೋಡೆ. ಡ್ರಿಲ್ ಹಾಕಿದರೆ ಕೆಂಪು ಹುಡಿ ಸುರಿಯಿತು, ತೂತು ಬೇಕಾದ್ದಕ್ಕಿಂತ ದೊಡ್ಡದಾಯಿತು. ಪ್ಲಾಸ್ಟಿಕ್ ಗುಳ್ಳಿ ಹಾಕಿ ಸ್ಕ್ರೂ ತಿರುಗಿಸಿದರೆ ಗುಳ್ಳಿಯೂ ಜೊತೆಗೇ ತಿರುಗುತ್ತಿತ್ತು. ಬೆರಳಲ್ಲಿ ಎಳೆದರೆ ಎಲ್ಲ ಕೈಗೇ ಬಂತು. ಕೊನೆಗೆ ಆಚಾರಿಯನ್ನು ಕರೆಸಿದೆ. ಅವರು ತೂತುಗಳನ್ನು ಆಳ ಮಾಡಿ, ಹುಡಿ ಊದಿ ತೆಗೆದು, ನೀರು ಚಿಮುಕಿಸಿ ಸಿಮೆಂಟ್ ತುಂಬಿದರು. ಅದರಲ್ಲಿ ಉದ್ದದ ಬೋಲ್ಟ್ ನಿಲ್ಲಿಸಿದರು. ನಾಲ್ಕು ದಿನ ಮುಟ್ಟಬೇಡಿ ಅಂದರು. ಐದನೇ ದಿನ ಬೋಲ್ಟುಗಳಿಗೆ ಒಂದು ಮರದ ಪಟ್ಟಿಯನ್ನು ಅಡ್ಡಕ್ಕೆ ಬಿಗಿದು, ಆ ಪಟ್ಟಿಗೆ ಕಪಾಟನ್ನು ಹಿಡಿಸಿದರು. ಈಗ ಇಬ್ಬರು ಸೇರಿ ಎಳೆದರೂ ಅಲುಗುವುದಿಲ್ಲ. ಚಿರೆಕಲ್ಲಿನ ಮನೆಯವರು ದಯವಿಟ್ಟು ಬರೀ ಗುಳ್ಳಿ ನಂಬಬೇಡಿ. ಪಾತ್ರೆ ಪೆಟ್ಟಿಗೆ ನೆಲಕ್ಕೆ ಇಳಿಯಿತು. ಗ್ಯಾಸ್ ಸಿಲಿಂಡರಿಗೆ ಸರಪಳಿ ಬಿತ್ತು.

ದರೆಯ ಮೇಲ್ಗಡೆ ಒಂದು ಗಟಾರ ತೋಡಿಸಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸಿದ್ದೇವೆ. ನೀರು ಮಣ್ಣಿನೊಳಗೆ ಇಳಿದಷ್ಟೂ ಮಣ್ಣು ಭಾರವಾಗುತ್ತದೆ, ಅದರ ಹಿಡಿತ ಸಡಿಲವಾಗುತ್ತದೆ. ಜೋರು ಮಳೆಯ ದಿನ ಬೆಳಿಗ್ಗೆ ಸಂಜೆ ಹೋಗಿ ನೋಡುತ್ತೇನೆ. ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾಗಿ ಬರುವ ಒರತೆ ನೀರು. ಇದರಲ್ಲಿ ಒಂದು ಕಂಡರೂ ಎಲ್ಲರೂ ಹೊರಡುವುದು ಅಂತ ಮನೆಯಲ್ಲಿ ಮಾತಾಗಿದೆ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಇದೇ ಸಮಯ ಅಂತ ಎಲ್ಲರನ್ನೂ ಎಬ್ಬಿಸಿ ಅಭ್ಯಾಸ ಮಾಡಿಸಿದೆ. ಎರಡು ತಪ್ಪು ಹೊರಗೆ ಬಂದವು. ಪಕ್ಕದ ಬಾಗಿಲು ತೆರೆಯಲೇ ಇಲ್ಲ. ಮಳೆಗೆ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದರೂ ಜಗ್ಗಲಿಲ್ಲ. ಬೇಸಿಗೆಯಲ್ಲಿ ಸಲೀಸಾಗಿ ತೆರೆಯುತ್ತಿದ್ದ ಬಾಗಿಲು ಅದು.

ಇನ್ನೊಂದು ತಪ್ಪು ನನ್ನದು. ನಾನು ಮಕ್ಕಳಿಗೆ ಎಲ್ಲವನ್ನೂ ಒಟ್ಟಿಗೇ ಹೇಳಿಕೊಟ್ಟಿದ್ದೆ. "ಭೂಕಂಪ" ಅಂದ ಕೂಡಲೇ ಸಣ್ಣವನು ಅಂಗಳಕ್ಕೆ ಓಡಿದ. ನಮ್ಮದು ಹಂಚಿನ ಮನೆ. ನೆಲ ಅಲುಗುವಾಗ ಸೂರಿನ ಕೆಳಗೆ ಓಡಿದರೆ ಹಂಚು ತಲೆ ಮೇಲೇ ಬೀಳುತ್ತದೆ. ಗುಡ್ಡ ಜಾರುವ ಸೂಚನೆ ಇದ್ದರೆ ಮೊದಲೇ ಮನೆ ಬಿಡಬೇಕು. ಭೂಕಂಪವಾದರೆ ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ತಲೆ ಮುಚ್ಚಿಕೊಂಡು, ಅದರ ಕಾಲು ಹಿಡಿದು, ಅಲುಗುವುದು ನಿಂತ ಮೇಲೆ ಹೊರಗೆ ಬರಬೇಕು. ಎರಡೂ ಉಲ್ಟಾ. ಅದಕ್ಕೇ ಈಗ ಎರಡೇ ಮಾತು ಇಟ್ಟಿದ್ದೇವೆ: ಗುಡ್ಡಕ್ಕೆ "ಹೊರಡು", ಭೂಕಂಪಕ್ಕೆ "ಮಂಚ". ಬೇರೆ ಬೇರೆ ದಿನ ಅಭ್ಯಾಸ ಮಾಡಿಸುತ್ತೇನೆ. ಬೇಲೆಕೇರಿಯ ಸಮುದ್ರದ ಬದಿಯಲ್ಲಿರುವ ನನ್ನ ತಂಗಿಗೆ ಇನ್ನೂ ಒಂದು ಮಾತು ಸೇರಿಸಿ ಹೇಳಿದ್ದೇನೆ. ನೆಲ ಜೋರಾಗಿ ತುಂಬಾ ಹೊತ್ತು ಅಲುಗಿದರೆ, ಇಲ್ಲವೇ ಸಮುದ್ರ ಏಕಾಏಕಿ ಹಿಂದೆ ಸರಿದರೆ, ನೋಡುತ್ತಾ ನಿಲ್ಲದೆ ಎತ್ತರಕ್ಕೆ ಹೋಗು ಅಂತ.

ನಾನು ಕೆಲಸ ಮಾಡುವುದು ಒಂದು ಸೊಸೈಟಿಯಲ್ಲಿ. ಅಲ್ಲೂ ಅದೇ ಪ್ರಶ್ನೆ ಕೇಳಿದೆ: ಕೂರುವ ಜಾಗದ ಮೇಲೆ, ಹಿಂದೆ ಏನಿದೆ? ಕ್ಯಾಷಿಯರ್ ಕುರ್ಚಿಯ ಹಿಂದೆ ಆಳೆತ್ತರದ ರ‍್ಯಾಕ್, ಮೇಲಿನ ಹಲಗೆಯಲ್ಲಿ ದಪ್ಪ ಲೆಡ್ಜರುಗಳು. ಹಿಂಬಾಗಿಲಿಗೆ ಅಡ್ಡ ಗೊಬ್ಬರದ ಚೀಲಗಳು. ಚೀಲ ಸರಿಸಲು ಎರಡು ತಾಸು ಸಾಕಾಯಿತು. ಲೆಡ್ಜರಿನದ್ದು ಜಾಸ್ತಿ ಚರ್ಚೆಯಾಯಿತು. ಭೂಕಂಪಕ್ಕಾದರೆ ಭಾರದ್ದು ಕೆಳಗಿರಬೇಕು. ಆದರೆ 2019ರ ನೆರೆಯಲ್ಲಿ ನಮ್ಮ ಕೆಳಗಿನ ಹಲಗೆಗಳೇ ನೆನೆದಿದ್ದವು. ಗೋಡೆಯಲ್ಲಿ ನೀರಿನ ಕಲೆ ಇನ್ನೂ ಇತ್ತು. ಅದರ ಮೇಲೆ ಪೇಂಟಿನಲ್ಲಿ ಗೆರೆ ಎಳೆದೆವು. ಗೆರೆಗಿಂತ ಮೇಲೆ, ಎದೆ ಎತ್ತರಕ್ಕಿಂತ ಕೆಳಗೆ ಲೆಡ್ಜರ್ ಬಂದವು. ರ‍್ಯಾಕ್ ಗೋಡೆಗೆ ಬಿಗಿಯಾಯಿತು. ಸಾಲದ ಕಾಗದಗಳ ಪ್ರತಿ ಊರಾಚೆಯ ಶಾಖೆಯಲ್ಲೂ ಇದೆ.

ಕೊನೆಗೆ ಚೀಲವನ್ನೂ ಕಟ್ಟಿದೆ. ಟಾರ್ಚ್, ಅತ್ತೆಯ ಬಿಪಿ ಮಾತ್ರೆ ಹದಿನೈದು ದಿನಕ್ಕೆ, ಪಹಣಿ ಮತ್ತು ಆಧಾರ್ ಪ್ರತಿ, ಅವಲಕ್ಕಿ, ಬೆಲ್ಲ, ನೀರು, ಚಿಲ್ಲರೆ ನೋಟು. ಒಂದು ರಟ್ಟಿನ ಮೇಲೆ ನಂಬರುಗಳು: 112, ಜಿಲ್ಲಾ ಕಂಟ್ರೋಲ್ ರೂಮಿನ 1077, ಗ್ಯಾಸ್ ಸೋರಿದರೆ 1906. ಹುಬ್ಬಳ್ಳಿಯ ಅಕ್ಕನ ನಂಬರು ಎಲ್ಲರಿಗೂ ಬಾಯಿಪಾಠ. ಇಲ್ಲಿ ಒಬ್ಬರಿಗೊಬ್ಬರು ಸಿಗದಿದ್ದರೆ ಅವಳಿಗೆ ಹೇಳುವುದು, ಅವಳಿಂದ ಕೇಳುವುದು.

ಪಕ್ಕದ ಬಾಗಿಲನ್ನು ಮಳೆ ನಡುವೆಯೇ ಕೆತ್ತಿಸಿದೆ, ಉಬ್ಬಿದಾಗಲೇ ಎಷ್ಟು ತೆಗೆಯಬೇಕು ಅಂತ ಗೊತ್ತಾಗುವುದು. ಈಗ ಬೇಸಿಗೆಯಲ್ಲಿ ಬೆರಳಗಲ ಸಂದಿ ಬೀಳುತ್ತದೆ, ಇರುವೆ ಬರುತ್ತವೆ. ಅತ್ತೆ ಸಂದಿಗೆ ಹಳೆ ಬಟ್ಟೆ ತುರುಕುತ್ತಾರೆ. ಮೇ ಕೊನೆಯಲ್ಲಿ ಅದನ್ನು ತೆಗೆಯುವುದೂ ಅವರೇ.