ಕೋಡ್ ಬರೆಯುವವರು ಏಜೆನ್ಸಿ ಕಟ್ಟುವುದು ಹೇಗೆ?

ಅಡಿಕೆ ತೋಟದಲ್ಲಿ ಮರ ಹತ್ತುವುದು ಕೊನೆಗೌಡ. ಕೆಳಗೆ ಹಗ್ಗ ಹಿಡಿಯುವವರು ಬೇರೆ, ಸುಲಿಯುವವರು ಬೇರೆ. ಶಿರಸಿಯ ಮನೆಯಲ್ಲಿ ಕುಳಿತು ಜರ್ಮನಿಯ ಗ್ರಾಹಕರಿಗೆ ಕೋಡ್ ಬರೆಯುವ ಫ್ರೀಲಾನ್ಸ್ ಡೆವಲಪರ್ ಮಾತ್ರ ಎಲ್ಲವನ್ನೂ ಒಬ್ಬರೇ ಮಾಡುತ್ತಾರೆ. ಏಜೆನ್ಸಿ ಬೇಕೆಂದರೆ ಅವರು ಮರ ಇಳಿಯಬೇಕು.

ಮೊದಲು, ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳುವುದನ್ನು ಬಿಡಿ. ಆನ್‌ಲೈನ್ ಅಂಗಡಿಯೋ ಕ್ಲಿನಿಕ್ ಆ್ಯಪೋ, ಒಂದೇ ಬಗೆಯದನ್ನು ಹಿಡಿದರೆ ಇನ್ನೊಬ್ಬರಿಗೆ ಕಲಿಸುವುದು ಸುಲಭ. ಗಂಟೆಯ ದರ ಬಿಟ್ಟು ಕೆಲಸಕ್ಕೆ ಇಷ್ಟು, ನಿರ್ವಹಣೆಗೆ ತಿಂಗಳಿಗೆ ಇಷ್ಟು ಎಂದು ಹೇಳಿ. ಸಹಾಯಕರ ಹಣ ಹುಟ್ಟುವುದು ಆ ತಿಂಗಳ ಮೊತ್ತದಿಂದಲೇ.

ಮೊದಲ ಸಹಾಯಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವಾಗ ಕಾಗದ ಗಟ್ಟಿಯಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ! ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ಗುತ್ತಿಗೆಯವರು ಬರೆದದ್ದು ಸಾಮಾನ್ಯವಾಗಿ ಅವರದೇ, ಸಹಿ ಹಾಕಿ ಬರೆದುಕೊಡುವವರೆಗೆ. ಬರೆದುಕೊಟ್ಟರೂ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎನ್ನುತ್ತದೆ 19ನೇ ಕಲಂ. ಭಾರತದ ಹಕ್ಕನ್ನಷ್ಟೇ ಪಡೆದು ಬರ್ಲಿನ್ನಿನ ಗ್ರಾಹಕ ಏನು ಮಾಡಿಯಾನು? ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂದು ಬರೆಸಿಕೊಳ್ಳಿ. ನಿಮ್ಮ ಮತ್ತು ಗ್ರಾಹಕರ ನಡುವಿನ ಒಪ್ಪಂದದಲ್ಲೂ ಆ ಸಾಲು ಇರಲಿ.

ತೆರಿಗೆಯ ವಿಷಯ ಅಷ್ಟೇನೂ ಭಯಾನಕವಲ್ಲ. ಸೇವೆಯ ರಫ್ತಿಗೆ ಜಿಎಸ್‌ಟಿ ಶೂನ್ಯ ದರ. ನೋಂದಾಯಿತರು ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಬಿಲ್ ಮಾಡಬಹುದು. ಮಾರ್ಚ್ 31ಕ್ಕೆ ಅದರ ಆಯಸ್ಸು ಮುಗಿಯುತ್ತದೆ, ಮತ್ತೆ ಸಲ್ಲಿಸಿ. ವಿದೇಶಿ ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ಪುರಾವೆ ಪತ್ರ ಪಡೆದಿಡಿ.

ಹೊರದೇಶದಲ್ಲೇ ಕಂಪನಿ ತೆರೆಯುವ ಆಸೆಯೇ? ಎಸ್ಟೋನಿಯಾ 2014ರಿಂದ ಇ-ರೆಸಿಡೆನ್ಸಿ, ಅಂದರೆ ದೂರದಿಂದಲೇ ಅಲ್ಲಿ ಕಂಪನಿ ತೆರೆಯಲು ಬಳಸಬಹುದಾದ ಡಿಜಿಟಲ್ ಗುರುತು, ಕೊಡುತ್ತಿದೆ. ಅದು ಇಲ್ಲಿನ ಆದಾಯ ತೆರಿಗೆಯಿಂದ ಬಿಡುಗಡೆಯಲ್ಲ, ಜೊತೆಗೆ ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ನಿಯಮಗಳೂ ಇವೆ. ಆರಂಭದಲ್ಲಿ ಆ ಉಸಾಬರಿ ಬೇಡವೆಂದೇ ನನ್ನ ಅಭಿಪ್ರಾಯ.

ಬರ್ಲಿನ್ನಿನ ಬೆಳಗಿನ 9 ಎಂದರೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 1.30, ಬೇಸಿಗೆಯಲ್ಲಿ 12.30. ಬೆಳಗಿನ ಹೊತ್ತು ಸಹಾಯಕರ ಕೋಡ್ ತಿದ್ದಲು ಇರಲಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ಹೊಸದಲ್ಲ; ಇಬ್ಬರೂ ಒಂದೇ ಊರಿನಲ್ಲಿ ಇರದಿದ್ದರೆ ಒಳ್ಳೆಯದು, ಒಬ್ಬರು ಕಾರವಾರದಲ್ಲಾದರೂ ಇರಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ರಜೆಯನ್ನು ಗ್ರಾಹಕರಿಗೆ ಮೊದಲೇ ತಿಳಿಸಿ, ಕೆಲಸವನ್ನು ಕಾರವಾರದವರಿಗೆ ವಹಿಸಿ, ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಪೇಟೆಗೆ ಹೊರಡಿ. ತೊಟ್ಟಿಲ ಸಾಲಿನಲ್ಲಿ ನಿಂತಾಗ ಮೊಬೈಲ್ ಎಷ್ಟು ಬಾರಿ ರಿಂಗಾಯಿತು ಎಂದು ಎಣಿಸಿ.